ಏಳುಕೊಳ್ಳದ ತಾಯಿ ಮತ್ತು ಬರಿಗೊಡ

॥ ಶ್ರೀ ರೇಣುಕಾ ಯಲ್ಲಮ್ಮದೇವಿ ಪ್ರಸನ್ನ ॥

ಸವದತ್ತಿಯ ಗುಡ್ಡಕ್ಕೆ ಬರುವ ಭಕ್ತರು ತಾಯಿಯನ್ನು ಕರೆಯುವ ಹೆಸರು ಒಂದೆರಡಲ್ಲ. ರೇಣುಕೆ ಅನ್ನುತ್ತಾರೆ, ಜಗದಂಬೆ ಅನ್ನುತ್ತಾರೆ, ಎಲ್ಲರ ಅಮ್ಮ ಆದ್ದರಿಂದ ಯಲ್ಲಮ್ಮ ಅನ್ನುತ್ತಾರೆ. ಆದರೆ ಚಕ್ಕಡಿ ಹೂಡಿಕೊಂಡು, ತಲೆಯ ಮೇಲೆ ಬುತ್ತಿಗಂಟು ಹೊತ್ತುಕೊಂಡು ಬರುವ ರೈತಾಪಿ ಜನರ ಬಾಯಲ್ಲಿ ತಟ್ಟನೆ ಬರುವ ಹೆಸರು 'ಏಳುಕೊಳ್ಳದ ಯಲ್ಲಮ್ಮ'. ಈ ಹೆಸರನ್ನು ಎಲ್ಲರೂ ಹೇಳುತ್ತಾರೆ, ಕೊಳ್ಳ ಅಂದರೆ ಏನು ಎಂದು ಯಾರೂ ನಿಂತು ವಿಚಾರ ಮಾಡುವುದಿಲ್ಲ. ಎರಡು ಗುಡ್ಡಗಳ ನಡುವೆ ಮಳೆನೀರು ಸಾವಿರಾರು ವರ್ಷ ಕೊರೆದು ಮಾಡಿದ ಇಕ್ಕಟ್ಟಾದ ತಗ್ಗಿಗೆ ಕೊಳ್ಳ ಎಂದು ಹೆಸರು. ಬೇಸಿಗೆಯಲ್ಲಿ ಅಲ್ಲಿ ಕಲ್ಲು ಕಾಯುತ್ತದೆ, ಮುಳ್ಳಿನ ಗಿಡ ಬಿಟ್ಟರೆ ಹಸಿರಿಲ್ಲ. ಆದರೂ ಆ ಕಲ್ಲುಗಳ ಸಂದಿಯಲ್ಲೇ ಎಲ್ಲೋ ಒಂದು ಕಡೆ ನೀರಿನ ಸೆಲೆ ಇರುತ್ತದೆ. ಬಯಲಲ್ಲಿ ಹುಡುಕಿದರೆ ಸಿಗದ ನೀರು ಕೊಳ್ಳದೊಳಗೆ ಹೊಕ್ಕವನಿಗೆ ಸಿಗುತ್ತದೆ. ಅಂಥ ಏಳು ಕೊಳ್ಳ ದಾಟಿ ತಾಯಿ ಕೂತಿದ್ದಾಳೆ. ಬಯಲಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಕೂಡಬಹುದಾಗಿತ್ತು, ಕೂಡಲಿಲ್ಲ.

ಗುಡ್ಡದ ಮೇಲಿನ ಈಗಿನ ಗುಡಿಯನ್ನು 1514ರಲ್ಲಿ ರಾಯಬಾಗದ ಬೊಮ್ಮಪ್ಪ ನಾಯಕ ಕಟ್ಟಿಸಿದನೆಂದು ಹೇಳುತ್ತಾರೆ. ತಾಯಿಯ ಮಹಿಮೆ ಅದಕ್ಕಿಂತ ಬಹಳ ಹಳೆಯದು. ಭಾರತ ಹುಣ್ಣಿಮೆ ಬಂತೆಂದರೆ ಕರ್ನಾಟಕ, ಮಹಾರಾಷ್ಟ್ರ, ಆಂಧ್ರ, ಗೋವೆಗಳಿಂದ ಜನ ಹರಿದು ಬರುತ್ತದೆ. ಅದರಲ್ಲಿ ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆಯಿಂದ ಬರುವವರ ನಡಿಗೆಯ ರೀತಿಯೇ ಬೇರೆ. ಅವರಿಗೆ ಈ ತಾಯಿ ಮೊದಲು ನೀರಿನ ತಾಯಿ, ಆಮೇಲೆ ಉಳಿದದ್ದೆಲ್ಲ. ಅದು ಯಾಕೆ ಎಂದು ತಿಳಿಯಬೇಕಾದರೆ ಆ ಸೀಮೆಯ ಮಣ್ಣನ್ನು ನೋಡಬೇಕು.

ನವಲಗುಂದ, ಅಣ್ಣಿಗೇರಿಯದು ಎರೆಭೂಮಿ. ಕಣ್ಣು ಹರಿದಷ್ಟು ದೂರ ಕಪ್ಪು ನೆಲ. ಹಿಂಗಾರಿ ಜೋಳ, ಕಡಲಿ, ಹತ್ತಿ, ಮೆಣಸಿನಕಾಯಿ ಬೆಳೆಯುವುದಕ್ಕೆ ಇದರಂಥ ಮಣ್ಣು ಇನ್ನೊಂದಿಲ್ಲ. ಆದರೆ ಈ ಮಣ್ಣು ಹೊಟ್ಟೆಗೆ ಕೊಡುತ್ತದೆ, ಗಂಟಲಿಗೆ ಕೊಡುವುದಿಲ್ಲ. ಮಳೆ ಬಿದ್ದಾಗ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ, ನೀರನ್ನು ಕೆಳಗೆ ಬಿಡುವುದಿಲ್ಲ. ಬಿಸಿಲಿಗೆ ಬಿರಿದು ಮೊಳಕಾಲು ಹೋಗುವಷ್ಟು ಬಿರುಕು ಬಿಡುತ್ತದೆ. ಬಾವಿ ತೋಡಿದರೆ ಬಹಳ ಕಡೆ ಸಿಗುವುದು ಸವುಳು ನೀರು. ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ, ಕುಡಿದರೆ ನೀರಡಿಕೆ ಹೋಗುವುದಿಲ್ಲ. ಅಣ್ಣಿಗೇರಿಯ ದೇವರ ಹೆಸರು ಅಮೃತೇಶ್ವರ. ಎರೆಸೀಮೆಯ ಹಳ್ಳಗಳ ಹೆಸರು ಬೆಣ್ಣಿಹಳ್ಳ, ತುಪ್ಪರಿಹಳ್ಳ. ಅಮೃತ, ಬೆಣ್ಣಿ, ತುಪ್ಪ ಎಲ್ಲ ಹೆಸರಿನಲ್ಲೇ ಇವೆ. ಮಳೆಗಾಲದಲ್ಲಿ ಹೊಲ ಕೊಚ್ಚಿಕೊಂಡು ಹೋಗುವಷ್ಟು ಉಕ್ಕುವ ಬೆಣ್ಣಿಹಳ್ಳ ಬೇಸಿಗೆಯಲ್ಲಿ ಒಂದು ಕೊಡ ಸಿಹಿನೀರು ಕೊಡುವುದಿಲ್ಲ. ಹೀಗಿದ್ದರೂ ಅದೇ ಹಳ್ಳದ ದಂಡೆಯ ಯಮನೂರಿನಲ್ಲಿ, ಚಾಂಗದೇವರ ಜಾತ್ರೆಯಲ್ಲಿ, ಎಣ್ಣೆಯ ಬದಲು ಹಳ್ಳದ ನೀರಿನಿಂದಲೇ ದೀಪ ಉರಿಯುತ್ತದೆ ಎಂದು ಜನ ನಂಬುತ್ತಾರೆ. ಹಿಂದೂಗಳೂ ಮುಸಲ್ಮಾನರೂ ಕೂಡಿ ಅಲ್ಲಿಗೆ ಹೋಗುತ್ತಾರೆ. ನೀರು ಕಡಿಮೆ ಇದ್ದ ಸೀಮೆಯಲ್ಲೇ ನೀರಿಗೆ ಭಕ್ತಿ ಹೆಚ್ಚು.

ಆದ್ದರಿಂದ ಆ ಕಡೆ ಕುಡಿಯುವ ನೀರಿಗೆ ಮಳೆನೀರು ಹಿಡಿದಿಡುವ ಕೆರೆಗಳೇ ಆಧಾರ. ನವಲಗುಂದದ ನೀಲಮ್ಮನ ಕೆರೆ ಅಂಥದು. ಹಳೆಯ ಕಾಲದಿಂದ ಈ ಕುಡಿಯುವ ನೀರಿನ ಕೆರೆಗಳಿಗೆ ಒಂದು ಕಟ್ಟಳೆ ಇದೆ. ಚಪ್ಪಲಿ ಮೆಟ್ಟಿಕೊಂಡು ಯಾರೂ ಇಳಿಯುವುದಿಲ್ಲ. ಕಾಲು ತೊಳೆಯುವುದಿಲ್ಲ, ದನ ಇಳಿಸುವುದಿಲ್ಲ, ಬಟ್ಟೆ ಒಗೆಯುವುದಿಲ್ಲ. ಅಲ್ಲಿ ಪೂಜಾರಿ ಇಲ್ಲ, ಗಂಟೆ ಇಲ್ಲ, ಹುಂಡಿ ಇಲ್ಲ. ಆದರೂ ಗುಡಿಯ ಮುಂದೆ ಬಿಟ್ಟ ಹಾಗೆ ದಂಡೆಯ ಮೇಲೆ ಚಪ್ಪಲಿ ಬಿಟ್ಟು ಇಳಿಯುತ್ತಾರೆ. ಯಾರಾದರೂ ಹೊಸಬ ಮರೆತು ಇಳಿದರೆ ಕೊಡ ತುಂಬಲು ಬಂದ ಮುದುಕಿ ಸಾಕು, "ಏ ತಮ್ಮಾ, ಅದು ಕುಡಿಯೂ ನೀರು, ಕಾಲಾಗಿಂದು ಬಿಚ್ಚು" ಎಂದು ಅಲ್ಲಿಂದಲೇ ಒದರುತ್ತಾಳೆ. ಈ ಮಾತನ್ನು ಭಕ್ತರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಕಲಘಟಗಿಯದು ಮಲೆನಾಡಿನ ಸೆರಗು. ಅಲ್ಲಿ ಭತ್ತ ಬೆಳೆಯುತ್ತದೆ, ಕಾಡಿದೆ, ಹುಬ್ಬಳ್ಳಿಗೆ ನೀರು ಕೊಟ್ಟ ನೀರಸಾಗರ ಇದೆ. ಆ ನೀರಸಾಗರವೂ ದೊಡ್ಡ ಬರದಲ್ಲಿ ತಳ ಕಂಡದ್ದುಂಟು. ಹಾಗಾಗಿ ಆ ಕಡೆಯವರು ಕೂಡ ತಾಯಿಯ ಮುಂದೆ ಮಳೆ ಬೇಡುವುದನ್ನು ಬಿಟ್ಟಿಲ್ಲ.

ಇನ್ನು ದಾರಿ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾದ ಮೇಲೆ ಗುಡ್ಡಕ್ಕೆ ಬರುವ ತಾಯಂದಿರ ಸಂಖ್ಯೆ ಬಹಳ ಏರಿತು. ಟ್ರ್ಯಾಕ್ಟರು, ಟೆಂಪೋ ಹತ್ತಿ ಬರುವವರೂ ಇದ್ದಾರೆ. ಒಳ್ಳೆಯದೇ ಆಯಿತು, ಮುದುಕರು, ಬಾಣಂತಿಯರು ಕೂಡ ದರ್ಶನ ಮಾಡುವಂತಾಯಿತು. ಆದರೂ ಹರಕೆ ಹೊತ್ತು ನಡೆದು ಬರುವವರು ಇನ್ನೂ ಇದ್ದಾರೆ. ಬರಿಗಾಲು, ಹಣೆತುಂಬ ಭಂಡಾರ, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಒಂದು ತಂಬಿಗೆ. ಎರೆಭೂಮಿಯ ದಾರಿಯಲ್ಲಿ ನೆರಳು ಕಡಿಮೆ. ಬೆಳಗಿನ ತಂಪಿನಲ್ಲಿ ಹೊರಟವರಿಗೆ ಹೊತ್ತೇರಿದಂತೆ ನೀರಡಿಕೆ ಹತ್ತುತ್ತದೆ. ಊರಿಂದ ತಂದ ನೀರು ಮಧ್ಯಾಹ್ನಕ್ಕೆ ಮುಗಿಯುತ್ತದೆ. ಆಗ ದಾರಿಯ ಹಳ್ಳಿಗಳಲ್ಲಿ ಮನೆಮುಂದೆ ಹರವಿ ಇಟ್ಟುಕೊಂಡು ಕೂತ ತಾಯಂದಿರು "ಬರ್ರಿ, ನೀರ ಕುಡದ ಹೋಗ್ರಿ, ಗುಡ್ಡಕ ಹೊಂಟೀರಿ" ಎಂದು ಕರೆಯುತ್ತಾರೆ. ಯಾವ ಊರು, ಯಾವ ಜಾತಿ ಎಂದು ಆ ಕರೆಯಲ್ಲಿ ಪ್ರಶ್ನೆ ಇರಬಾರದು. ಇದ್ದರೆ ಆ ಹರವಿಯ ನೀರು ಸವುಳು ಎಂದೇ ತಿಳಿಯಬೇಕು.

ಸವದತ್ತಿ ಹತ್ತಿರ ಬಂದಂತೆ ನೆಲ ಬದಲಾಗುತ್ತದೆ. ಕಪ್ಪು ಹೋಗಿ ಕೆಂಪು, ಕೆಂಪು ಹೋಗಿ ಬರೀ ಕಲ್ಲು. ಗುಡ್ಡದ ಏರು ಶುರುವಾಗುತ್ತದೆ. ಕಾಲು ಸುಡುತ್ತದೆ, ನಾಲಿಗೆ ಅಂಗಳಕ್ಕೆ ಅಂಟಿಕೊಳ್ಳುತ್ತದೆ. ಸಣ್ಣ ಹುಡುಗರು "ಯವ್ವಾ, ಇನ್ನೂ ಎಷ್ಟ ದೂರ?" ಎಂದು ಅಳುವುದಕ್ಕೆ ಹತ್ತುತ್ತಾರೆ. ತಾಯಿ "ಇಲ್ಲೇ ಮುಂದ ಐತಿ ಬಾ, ಜೋಗುಳಬಾವಿ ಬಂತ" ಎನ್ನುತ್ತಾಳೆ. ಅರ್ಧ ಮೈಲಿ ಹಿಂದೆಯೂ ಅವಳು ಅದನ್ನೇ ಹೇಳಿದ್ದಳು. ತಾಯಂದಿರ ಆ ಸುಳ್ಳಿಗೆ ದೇವರು ಪಾಪ ಬರೆಯುವುದಿಲ್ಲ. ಕಡೆಗೆ ಜೋಗುಳಬಾವಿ ಬರುತ್ತದೆ, ಸತ್ಯಮ್ಮನ ಗುಡಿ ಬರುತ್ತದೆ. ತಂಬಿಗೆ ಅದ್ದಿ ತಲೆಯ ಮೇಲೆ ಸುರಿದುಕೊಂಡಾಗ ಬಾಯಿಂದ ಬರುವ 'ಉಧೋ ಉಧೋ' ಬೇರೆ ರೀತಿಯದು. ಅದು ಹರಕೆಯ ಕೂಗಲ್ಲ, ಜೀವ ತಂಪಾದ ಕೂಗು.

ಈ ಬಾವಿಗೂ ತಾಯಿಗೂ ಏನು ಸಂಬಂಧ? ಇದನ್ನು ತಿಳಿಯದೆ ಮೇಲೆ ಹತ್ತಿದರೆ ದರ್ಶನ ಆಗುತ್ತದೆ, ಯಾತ್ರೆ ಆಗುವುದಿಲ್ಲ.

ರೇಣುಕೆ ಅರಸನ ಮಗಳು. ಜಮದಗ್ನಿ ಋಷಿಗಳ ಕೈಹಿಡಿದು ಮಲಪ್ರಭೆಯ ಸೀಮೆಗೆ ಬಂದಳು. ಅರಮನೆಯಲ್ಲಿ ದಾಸಿಯರು ತಂದಿಟ್ಟ ನೀರು ಕುಡಿದವಳು ಆಶ್ರಮಕ್ಕೆ ಬಂದ ಮೇಲೆ ಸ್ವತಃ ನೀರು ತರುವವಳಾದಳು. ಪ್ರತಿದಿನ ನಸುಕಿನಲ್ಲಿ ಎದ್ದು, ಹೊಳೆಗೆ ಹೋಗಿ ಸ್ನಾನ ಮಾಡಿ, ದಂಡೆಯ ಹಸಿ ಉಸುಕನ್ನು ಕೈಯಿಂದ ಕೂಡಿಸಿ ಕೊಡ ಮಾಡುತ್ತಿದ್ದಳು. ಅಲ್ಲೇ ಇದ್ದ ಹಾವನ್ನು ಸುತ್ತಿ ಸಿಂಬಿ ಮಾಡಿ ತಲೆಯ ಮೇಲಿಟ್ಟು, ಅದರ ಮೇಲೆ ಉಸುಕಿನ ಕೊಡ ಹೊತ್ತು, ಗಂಡನ ಪೂಜೆಗೆ ನೀರು ತರುತ್ತಿದ್ದಳು. ಸುಡದ ಕೊಡ ಸೋರುತ್ತಿರಲಿಲ್ಲ, ತಲೆಯ ಮೇಲಿನ ಹಾವು ಕಚ್ಚುತ್ತಿರಲಿಲ್ಲ.

ಇದನ್ನು ಕೇಳಿದವರು ಪವಾಡ ಎಂದು ಕೈಮುಗಿದು ಮುಂದೆ ಹೋಗುತ್ತಾರೆ. ಸ್ವಲ್ಪ ನಿಲ್ಲಬೇಕು. ಹೊಳೆಯ ದಂಡೆಯ ಹೆಣ್ಣುಮಕ್ಕಳಿಗೆ ಉಸುಕು ಮತ್ತು ನೀರಿನ ಸಂಬಂಧ ಗೊತ್ತು. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಅವರು ಉಸುಕಿನಲ್ಲಿ ವರತಿ ತೆಗೆಯುತ್ತಾರೆ. ಮೊಳದುದ್ದ ಕೈಯಿಂದ ತೋಡಿದರೆ ಮೊದಲು ರಾಡಿ ನೀರು ಬರುತ್ತದೆ. ಅದನ್ನು ಬಟ್ಟಲಿಂದ ತೋಡಿ ಹೊರಗೆ ಚೆಲ್ಲಬೇಕು. ಮತ್ತೆ ಬರುತ್ತದೆ, ಮತ್ತೆ ಚೆಲ್ಲಬೇಕು. ಆಮೇಲೆ ಸುಮ್ಮನೆ ಕೂಡಬೇಕು. ಕೈ ಹಾಕಿ ಕಲಕಿದರೆ ಕೆಟ್ಟಿತು, ದಡಬಡ ಮಾಡಿದರೆ ಸುತ್ತಲಿನ ಉಸುಕು ಕುಸಿದು ವರತಿ ಮುಚ್ಚಿಹೋಗುತ್ತದೆ. ಕೂತು ನೋಡುತ್ತಿದ್ದರೆ ಸಣ್ಣಗೆ, ಕಣ್ಣೀರು ಬಂದ ಹಾಗೆ, ತಿಳಿನೀರು ಒಸರುತ್ತದೆ. ಒಂದು ಬಟ್ಟಲು, ಇನ್ನೊಂದು ಬಟ್ಟಲು, ಹೀಗೆ ಒಂದು ಕೊಡ ತುಂಬುವುದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ಋಷಿಗಳು ಕಣ್ಣುಮುಚ್ಚಿ ಮಾಡುವ ತಪಸ್ಸನ್ನು ಈ ತಾಯಂದಿರು ಕಣ್ಣುತೆರೆದು ಮಾಡುತ್ತಾರೆ. ರೇಣುಕೆಯ ಉಸುಕಿನ ಕೊಡ ನಿಂತದ್ದು ಈ ತಪಸ್ಸಿನ ಮೇಲೆ. ಮನಸ್ಸು ನಿಂತಿತ್ತು, ಆದ್ದರಿಂದ ಉಸುಕೂ ನಿಂತಿತು.

ಒಂದು ದಿನ ಹೊಳೆಯಲ್ಲಿ ಗಂಧರ್ವರು ತಮ್ಮ ಹೆಂಡಂದಿರ ಜೊತೆ ಜಲಕ್ರೀಡೆ ಆಡುತ್ತಿದ್ದರು. ರೇಣುಕೆ ನೋಡಿದಳು. ನೋಡಿದ್ದಷ್ಟೇ. ಮನಸ್ಸು ಒಂದು ಗಳಿಗೆ ಅತ್ತ ಹೋಯಿತು. ಕೊಡ ಮಾಡಲು ಕೂತರೆ ಉಸುಕು ಕೂಡಲಿಲ್ಲ. ಸಿಂಬಿಗೆ ಹಾವು ಸಿಗಲಿಲ್ಲ. ಹೊತ್ತು ಏರಿತು. ಆಶ್ರಮದಲ್ಲಿ ಪೂಜೆಯ ವೇಳೆ ಮೀರಿತು. ಕಡೆಗೆ ಅವಳು ಬರಿಗೈಯಿಂದ ಬಂದಳು.

ಭಕ್ತರೇ, ಈ ಕಥೆಯನ್ನು ಹೇಳುವವರು ಬಹಳ ಮಂದಿ ಇಲ್ಲಿ ಅವಳ ಮನಸ್ಸು ಚಂಚಲವಾದದ್ದನ್ನೇ ಹಿಡಿದು ಎಳೆಯುತ್ತಾರೆ. ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಬಾಗಿಲಲ್ಲಿ ನಿಂತವಳನ್ನು ನೋಡಿರಿ. ಎಷ್ಟು ವರ್ಷ, ಒಂದು ದಿನ ತಪ್ಪದೆ ನೀರು ತಂದವಳು ಅವಳು. ಆ ದಿನಗಳ ಲೆಕ್ಕ ಯಾರೂ ಇಡಲಿಲ್ಲ. ನೀರು ಬಾರದ ಒಂದು ದಿನದ ಲೆಕ್ಕ ಮಾತ್ರ ಇಟ್ಟರು. ಜಮದಗ್ನಿಗಳಿಗೆ ಸಿಟ್ಟು ಬಂತು. "ಕೊಡ ಎಲ್ಲಿ?" ಎಂದು ಕೇಳಿದರೇ ಹೊರತು "ಏನಾಯಿತು?" ಎಂದು ಕೇಳಲಿಲ್ಲ. ಶಾಪ ಕೊಟ್ಟರು. ಅರಸನ ಮಗಳ ಮೈತುಂಬ ರೋಗ ಬಂತು. ಮನೆಯಿಂದ ಹೊರಗೆ ಹಾಕಿದರು.

ಇದನ್ನು ಬಹಳ ಹಿಂದಿನ ಮಾತು ಎಂದು ಬಿಡುವ ಹಾಗಿಲ್ಲ. ಒಂದು ದೃಷ್ಟಾಂತ. ಕುಂದಗೋಳದ ಕಡೆ ಒಂದು ಮನೆ ಅಂತ ತಿಳಕೊಳ್ಳಿ. ನಳದ ನೀರು ಎಂಟು ದಿನಕ್ಕೊಮ್ಮೆ ಬರುವ ಊರು. ಹೊಸದಾಗಿ ಬಂದ ಸೊಸೆ ಎರಡು ಕೊಡ ತೆಗೆದುಕೊಂಡು ಕೆರೆಗೆ ಹೋಗಿದ್ದಾಳೆ. ದಾರಿಯಲ್ಲಿ ತವರೂರಿನ ಗೆಳತಿ ಸಿಕ್ಕಳು. ಎರಡು ಮಾತಾಡಿದರು, ನಕ್ಕರು. ಅಷ್ಟರಲ್ಲಿ ಕಾಲು ಜಾರಿ ಕೊಡ ಉರುಳಿತು. ಮತ್ತೆ ತುಂಬಿಕೊಂಡು ಬರುವಷ್ಟರಲ್ಲಿ ತಡವಾಯಿತು. ಬಾಗಿಲಲ್ಲಿ ಅತ್ತೆ ನಿಂತಿದ್ದಾಳೆ. "ಎಲ್ಲಿ ಸತ್ತಿದ್ದಿ? ಯಾರ ಜೋಡಿ ಮಾತಾಡಕೋತ ನಿಂತಿದ್ದಿ?" ಗಂಡನೂ ಒಳಗಿಂದ ದನಿ ಕೂಡಿಸುತ್ತಾನೆ. ಸೊಸೆಯ ಮೊಳಕಾಲು ತರಚಿ ರಕ್ತ ಬಂದದ್ದನ್ನು ಇಬ್ಬರೂ ನೋಡುವುದಿಲ್ಲ. ಅವರಿಬ್ಬರೂ ಪ್ರತಿ ವರ್ಷ ಭಾರತ ಹುಣ್ಣಿಮೆಗೆ ಗುಡ್ಡಕ್ಕೆ ಬಂದು ಪಡ್ಲಗಿ ತುಂಬಿಸುತ್ತಾರೆ, ಐದು ಮಂದಿ ಜೋಗಮ್ಮಂದಿರಿಗೆ ಹೋಳಿಗೆ ಉಣ್ಣಿಸುತ್ತಾರೆ. ಗುಡಿಯಲ್ಲಿದ್ದ ರೇಣುಕೆಗೆ ಸೀರೆ ಉಡಿಸಿ, ಮನೆಯಲ್ಲಿದ್ದ ರೇಣುಕೆಯನ್ನು ಬಾಗಿಲಲ್ಲಿ ನಿಲ್ಲಿಸಿ ಬೈದರೆ ಆ ಸೀರೆಯನ್ನು ತಾಯಿ ಮುಟ್ಟುತ್ತಾಳೆಯೇ?

ಅದೇ ಊರಲ್ಲಿ ಇನ್ನೊಂದು ಮನೆ. ಅಲ್ಲಿಯೂ ಸೊಸೆ ಬರಿಗೊಡ ತಂದಳು. ಅತ್ತೆ ಕೊಡ ಇಳಿಸಿಕೊಂಡು, "ಇರ್ಲಿ ಬಿಡವ್ವಾ. ಮೊದಲ ಕೂಡು. ನಾನೂ ನಿನ್ನ ವಯಸ್ಸಿನ್ಯಾಗ ಎಷ್ಟ ಕೊಡ ಒಡದೀನಿ" ಎಂದು ಹರವಿಯ ತಳದಲ್ಲಿದ್ದ ಒಂದು ತಂಬಿಗೆ ನೀರನ್ನು ಅವಳಿಗೇ ಕುಡಿಸಿದಳು. ಈ ಅತ್ತೆ ಗುಡ್ಡಕ್ಕೆ ಬಂದಿದ್ದಾಳೋ ಇಲ್ಲವೋ ಗೊತ್ತಿಲ್ಲ. ಬರದಿದ್ದರೂ ನಡೆಯುತ್ತದೆ.

ಕಥೆಗೆ ಮರಳೋಣ. ಮನೆ ಬಿಟ್ಟ ರೇಣುಕೆ ಕೊಳ್ಳ ಕೊಳ್ಳ ಅಲೆದಳು. ಮೈಮೇಲೆ ಹುಣ್ಣು, ಗಂಟಲಲ್ಲಿ ನೀರಡಿಕೆ. ದಿನಾಲು ನೀರು ಹೊತ್ತವಳಿಗೆ ಒಂದು ಗುಟುಕು ನೀರಿಲ್ಲ. ಬಯಲಿನ ಜನ ಅವಳ ರೋಗ ನೋಡಿ ಹತ್ತಿರ ಬರಗೊಡಲಿಲ್ಲ. ಆಗ ಈ ಕೊಳ್ಳದಲ್ಲಿ ತಪಸ್ಸು ಮಾಡುತ್ತಿದ್ದ ಏಕನಾಥ, ಜೋಗಿನಾಥ ಎಂಬ ಇಬ್ಬರು ಸಿದ್ಧರು ಅವಳಿಗೆ ಸಿಕ್ಕರು. ಜನ ಅವರನ್ನು ಎಕ್ಕಯ್ಯ, ಜೋಗಯ್ಯ ಎಂದು ಪ್ರೀತಿಯಿಂದ ಕರೆಯುತ್ತಾರೆ. ಅವರು ಅವಳ ತಪ್ಪು ಏನೆಂದು ವಿಚಾರಣೆ ಮಾಡಲಿಲ್ಲ. ನೀರು ತೋರಿಸಿದರು. "ತಂಗೀ, ಇಲ್ಲಿ ಮೈ ತೊಳಕೋ, ಲಿಂಗಪೂಜೆ ಮಾಡು, ಜೋಗ ಬೇಡಿ ತಂದು ಹಂಚಿಕೊಂಡು ಉಣ್ಣು" ಎಂದರು. ಅವಳು ಹಾಗೆಯೇ ಮಾಡಿದಳು. ರೋಗ ಹೋಯಿತು. ಮೊದಲಿಗಿಂತ ಹೆಚ್ಚು ಕಳೆ ಬಂತು. ಆ ನೀರೇ ಇಂದಿನ ಜೋಗುಳಬಾವಿ.

ಇಲ್ಲಿ ಗಮನಿಸಬೇಕಾದ ಮಾತು ಇದೆ. ರೇಣುಕೆಗೆ ಕಷ್ಟ ಬಂದದ್ದು ನೀರಿನಿಂದ, ಕಷ್ಟ ಕಳೆದದ್ದೂ ನೀರಿನಿಂದ. ಹೊಳೆಯ ದೊಡ್ಡ ನೀರು ಅವಳ ಕೈ ಬಿಟ್ಟಿತು, ಕೊಳ್ಳದ ಸಣ್ಣ ಸೆಲೆ ಕೈ ಹಿಡಿಯಿತು. ಅರಮನೆ, ಆಶ್ರಮ ಎರಡೂ ಬಾಗಿಲು ಮುಚ್ಚಿದ ಮೇಲೆ ಕಲ್ಲು ಬಾಯಿ ಬಿಟ್ಟಿತು. ಎರೆಸೀಮೆಯಿಂದ ನೀರಡಿಸಿ ಬಂದವರು ಈ ಬಾವಿಯಲ್ಲಿ ತಂಬಿಗೆ ಅದ್ದಿದಾಗ ಅವರು ಅದ್ದುವುದು ಅವಳು ಅದ್ದಿದ ನೀರಿನಲ್ಲಿಯೇ.

ಮುಂದಿನ ಕಥೆ ಎಲ್ಲರಿಗೂ ಗೊತ್ತಿದೆ, ಚಿಕ್ಕದಾಗಿ ಹೇಳಿದರೆ ಸಾಕು. ಗುಣವಾಗಿ ಆಶ್ರಮಕ್ಕೆ ಮರಳಿದರೂ ಋಷಿಗಳ ಸಿಟ್ಟು ಇಳಿಯಲಿಲ್ಲ. ತಾಯಿಯ ತಲೆ ತೆಗೆಯಿರಿ ಎಂದು ಮಕ್ಕಳಿಗೆ ಹೇಳಿದರು. ಹಿರಿಯ ಮಕ್ಕಳು ನಾಲ್ವರೂ ಒಪ್ಪಲಿಲ್ಲ. ಕಿರಿಯ ಪರಶುರಾಮ ಕೊಡಲಿ ಎತ್ತಿದ. ತಂದೆ ಮೆಚ್ಚಿ ವರ ಕೇಳು ಎಂದಾಗ ಅವನು ಕೇಳಿದ್ದು ತಾಯಿಯ ಜೀವವನ್ನೇ. ತಾಯಿ ಎದ್ದು ಬಂದಳು, ಲೋಕಕ್ಕೆಲ್ಲ ತಾಯಿಯಾದಳು. ತನ್ನ ಸಿಟ್ಟು ಏನು ಮಾಡಿತೆಂದು ಕಂಡ ಜಮದಗ್ನಿಗಳು ಆಮೇಲೆ ಕೋಪವನ್ನೇ ಬಿಟ್ಟರೆಂದು ಹೇಳುತ್ತಾರೆ. ಗುಡಿಯ ಪ್ರಾಕಾರದಲ್ಲಿ ಪರಶುರಾಮ, ಮಲ್ಲಿಕಾರ್ಜುನ, ಏಕನಾಥ, ಸಿದ್ಧೇಶ್ವರರಿಗೆ ಕೈಮುಗಿಯುವಾಗ ಏಕನಾಥನ ಮುಂದೆ ಒಂದು ಗಳಿಗೆ ಹೆಚ್ಚು ನಿಲ್ಲಬೇಕು. ಕೊಡಲಿ ಎತ್ತಿದವನ ಹೆಸರು ಎಲ್ಲರಿಗೂ ಗೊತ್ತು. ನೀರು ತೋರಿಸಿದವನ ಹೆಸರು ಬಹಳ ಮಂದಿಗೆ ಗೊತ್ತಿಲ್ಲ.

ಜೋಗ ಬೇಡುವ ಸಂಪ್ರದಾಯದ ಬಗ್ಗೆ ಒಂದು ಮಾತು ಹೇಳಲೇಬೇಕು. ಜೋಗ ಎಂದರೆ ಐದು ಮನೆ ಬೇಡಿ, ಅಹಂಕಾರ ಬಿಟ್ಟು, ಹಂಚಿ ಉಣ್ಣುವುದು. ಅದರ ಹೆಸರಿನಲ್ಲಿ ಬಡವರ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ಬಿಡುವ ಕೆಟ್ಟ ಪದ್ಧತಿ ನಡೆದುಬಂತು. ಕರ್ನಾಟಕದಲ್ಲಿ 1982ರ ಕಾಯ್ದೆಯಿಂದ ಅದು ಅಪರಾಧವಾಯಿತು. ಕಟ್ಟಿದವರಿಗೂ, ಕಟ್ಟಿಸಿದವರಿಗೂ ಶಿಕ್ಷೆ ಇದೆ. ಕಾಯ್ದೆ ಇರಲಿ, ಇಲ್ಲದಿರಲಿ, ಗಂಡಸರ ಸಿಟ್ಟಿನಿಂದ ಮನೆ ಕಳೆದುಕೊಂಡ ತಾಯಿ ಇನ್ನೊಬ್ಬರ ಮಗಳ ಮನೆ ಮುರಿಯಲು ಹೇಳುವಳೇ? ಯಾರಾದರೂ "ಅವ್ವ ಕನಸಿನ್ಯಾಗ ಬಂದ ಮಗಳನ್ನ ಕೇಳ್ಯಾಳ" ಎಂದರೆ ನಂಬಬಾರದು. ಅವ್ವ ಕೇಳುವುದು ಒಂದು ತಂಬಿಗೆ ನೀರು.

ಇನ್ನು ಈ ಸೆಲೆಗಳ ಮಾತು. ಗುಡ್ಡದ ಮೇಲೆ ಎಣ್ಣೆಹೊಂಡ, ಕೆಳಗೆ ಜೋಗುಳಬಾವಿ. ಸುತ್ತ ಬರಗಾಲ ಬಿದ್ದರೂ ಇಲ್ಲಿ ನೀರು ಹೇಗೆ ಎಂದು ಭಕ್ತರು ಬೆರಗಾಗುತ್ತಾರೆ. ತಾಯಿಯ ಕೃಪೆ ಎನ್ನುವುದು ಸರಿ. ಕೃಪೆ ಕೆಲಸ ಮಾಡುವ ರೀತಿ ಹೀಗಿದೆ. ಈ ಗುಡ್ಡಗಳದು ಬಿರುಸು ಕಲ್ಲು, ಎರೆಮಣ್ಣಿನ ಹಾಗೆ ಬಾಯಿ ಮುಚ್ಚುವ ಮಣ್ಣಲ್ಲ. ಮೇಲೆ ಬಿದ್ದ ಮಳೆ ಬಂಡೆಗಳ ಬಿರುಕಿನೊಳಗೆ ಇಳಿಯುತ್ತದೆ. ಒಳಗೆ ನಿಧಾನ ಸರಿದು, ಮುಂದೆ ದಾರಿ ಇಲ್ಲದಲ್ಲಿ, ಕೊಳ್ಳದ ತಗ್ಗಿನಲ್ಲಿ, ಹೊರಗೆ ಒಸರುತ್ತದೆ. ಇಂದು ಕುಡಿಯುವ ನೀರು ಇಂದಿನ ಮಳೆಯದಲ್ಲ, ಎಂದೋ ಬಿದ್ದ ಮಳೆಯದು. ಹಾಗಾಗಿಯೇ ಮಳೆ ನಿಂತ ಎಷ್ಟೋ ತಿಂಗಳ ಮೇಲೂ ಸೆಲೆ ಜೀವ ಹಿಡಿದಿರುತ್ತದೆ. ಗುಡ್ಡದ ಮೇಲಿನ ಗಿಡಗಂಟಿ ಕಡಿದರೆ ಮಳೆ ಇಳಿಯಲು ಪುರುಸೊತ್ತು ಸಿಗದೆ ಜಾರಿ ಹೋಗುತ್ತದೆ. ಬಾಯಿಗೆ ಕಸ ತುಂಬಿದರೆ ಸೆಲೆ ಒಳಗೇ ಉಸಿರುಗಟ್ಟುತ್ತದೆ.

ಆದರೆ ಜಾತ್ರೆ ಮುಗಿದ ಮರುದಿನ ಹೊಂಡದ ದಂಡೆಗೆ ಹೋಗಿ ನೋಡಿರಿ. ಸಾಬೂನಿನ ಚೂರು, ಶಾಂಪೂ ಚೀಟಿ, ಬಿಟ್ಟುಹೋದ ಹಳೆ ಸೀರೆ, ಬೇವಿನ ತೊಪ್ಪಲು, ಒಡೆದ ಬಳೆ, ಪ್ಲಾಸ್ಟಿಕ್ ಬಾಟಲಿ. ನವಲಗುಂದದ ಕೆರೆಗೆ ಚಪ್ಪಲಿ ಬಿಟ್ಟು ಇಳಿಯುವ ಅದೇ ಜನ, ಕುಡಿಯುವ ನೀರಿನ ಬೆಲೆ ಎಲ್ಲರಿಗಿಂತ ಹೆಚ್ಚು ಬಲ್ಲ ಜನ, ಇಲ್ಲಿ ಬಂದು ಅದನ್ನು ಮರೆಯುತ್ತಾರೆ. ಊರ ಕೆರೆ ನಮ್ಮದು, ಇದು ದೇವರದು, ದೇವರು ನೋಡಿಕೊಳ್ಳುತ್ತಾನೆ ಎನ್ನುವ ಭಾವನೆ. ತೀರ್ಥಸ್ನಾನಕ್ಕೆ ಸಾಬೂನು ಬೇಕಾಗಿಲ್ಲ. ಪಾಪ ನೊರೆಯಿಂದ ಹೋಗುವುದಿಲ್ಲ. ಉಟ್ಟ ಬಟ್ಟೆ ನೀರಿನಲ್ಲಿ ಬಿಟ್ಟರೆ ರೋಗ ಬಿಟ್ಟಂತೆ ಎಂದು ಕೆಲವರು ಹೇಳುತ್ತಾರೆ. ಎಕ್ಕಯ್ಯ, ಜೋಗಯ್ಯ ರೇಣುಕೆಗೆ ಹಾಗೆ ಹೇಳಿದ್ದು ಕಥೆಯಲ್ಲಿ ಎಲ್ಲೂ ಇಲ್ಲ. ಹಿಂದೆ ಬರುವ ಇನ್ನೊಬ್ಬ ನೀರಡಿಸಿದವನಿಗೆ ಆ ಬಟ್ಟೆ ಸಿಗುತ್ತದೆ, ಅಷ್ಟೇ.

ಗುಡ್ಡದ ಮೇಲೆ ನಿಂತರೆ ದೂರದಲ್ಲಿ ನೀರು ಹೊಳೆಯುತ್ತದೆ. ಅದು ರೇಣುಕಾಸಾಗರ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ನವಿಲುತೀರ್ಥದಲ್ಲಿ ಗುಡ್ಡವನ್ನೇ ಸೀಳಿಕೊಂಡು ಇಕ್ಕಟ್ಟಿನಲ್ಲಿ ಹರಿಯುತ್ತಾಳೆ. ಆ ಇಕ್ಕಟ್ಟಿಗೆ 1972ರಲ್ಲಿ ಅಣೆಕಟ್ಟು ಕಟ್ಟಿ ಮುಗಿಸಿದರು, ತಾಯಿಯ ಹೆಸರನ್ನೇ ಜಲಾಶಯಕ್ಕೆ ಇಟ್ಟರು. ಹುಬ್ಬಳ್ಳಿ ಧಾರವಾಡದ ನಳಗಳಲ್ಲಿ ಬರುವ ನೀರು, ಕಾಲುವೆಯಿಂದ ನವಲಗುಂದದ ಕಡೆಗೆ ಹರಿಯುವ ನೀರು ಇದೇ. ರೇಣುಕೆ ಉಸುಕಿನ ಕೊಡದಲ್ಲಿ ತಂದ ಹೊಳೆಯೇ ಇವತ್ತು ಅವಳ ಹೆಸರು ಹೊತ್ತು ಎರೆಸೀಮೆಗೆ ನೀರು ಹೊರುತ್ತಿದೆ. ಬೆಣ್ಣಿಹಳ್ಳವೂ ಹರಿದು ಹರಿದು ಕಡೆಗೆ ಸೇರುವುದು ಮಲಪ್ರಭೆಯನ್ನೇ. ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ.

ಮಳೆ ಕೈಕೊಟ್ಟ ವರ್ಷ ಈ ಸಾಗರವೂ ತುಂಬುವುದಿಲ್ಲ. ಮಹಾದಾಯಿಯ ನೀರನ್ನು ಕಳಸಾ, ಬಂಡೂರಿ ನಾಲೆಗಳಿಂದ ಮಲಪ್ರಭೆಗೆ ತಿರುಗಿಸಿರಿ ಎಂದು 2015ರ ಜುಲೈನಿಂದ ನರಗುಂದ, ನವಲಗುಂದದ ರೈತರು ಧರಣಿ ಕೂತರು. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ ಪಾಲು ಹೇಳಿತು. ಆ ವ್ಯಾಜ್ಯದ ವಿವರ ಇಲ್ಲಿ ಬೇಡ. ಆ ಧರಣಿಯಲ್ಲಿ ಕೂತವರೇ ಹುಣ್ಣಿಮೆಗೆ ಇಲ್ಲಿ ಬಂದು ಕಾಯಿ ಒಡೆಸಿದರು. ಅವರು ಕೇಳಿದ್ದು ಸರ್ಕಾರದ ಮುಂದೂ, ತಾಯಿಯ ಮುಂದೂ ಒಂದೇ.

ಯಾತ್ರೆಯ ಕ್ರಮ ತಿಳಿಯದೆ ಹೊಸದಾಗಿ ಬಂದವರಿಗೆ ಒಂದೆರಡು ಮಾತು. ಮೊದಲು ಜೋಗುಳಬಾವಿಯಲ್ಲಿ ಸ್ನಾನ ಮಾಡಿ ಸತ್ಯಮ್ಮನ ದರ್ಶನ ತೆಗೆದುಕೊಳ್ಳಬೇಕು. ಜನ ಬಹಳ ಇದ್ದರೆ ನೂಕಾಡಬಾರದು, ತಂಬಿಗೆಯಿಂದ ತಲೆಗೆ ನೀರು ಹಾಕಿಕೊಂಡರೂ ಸ್ನಾನವೇ. ಸಣ್ಣ ಮಕ್ಕಳ ಕೈ ಬಿಡಬಾರದು, ಪಾವಟಿಗೆ ಜಾರುತ್ತವೆ. ನಂತರ ಗುಡ್ಡ ಹತ್ತಿ ಎಣ್ಣೆಹೊಂಡದ ನೀರು ತಲೆಗೆ ಚಿಮುಕಿಸಿಕೊಂಡು ತಾಯಿಯ ದರ್ಶನ. ಆಮೇಲೆ ಪಡ್ಲಗಿ. ಹೋಳಿಗೆ, ಕಡಬು, ಜೋಳದ ರೊಟ್ಟಿ, ಪಲ್ಯೆ, ಮನೆಯಿಂದ ಏನು ತಂದಿದ್ದೀರೋ ಅದು. ಇಲ್ಲದವರು ಇದ್ದಷ್ಟೇ ಇಡಬಹುದು, ಸಾಲ ಮಾಡಿ ಪಡ್ಲಗಿ ತುಂಬಿಸು ಎಂದು ತಾಯಿ ಹೇಳಿಲ್ಲ. ಉಂಡ ಎಲೆ, ಬಾಟಲಿ, ಚೀಲಗಳನ್ನು ಕೊಳ್ಳಕ್ಕೆ ಎಸೆಯದೆ ಚಕ್ಕಡಿ, ಟ್ರ್ಯಾಕ್ಟರಿನಲ್ಲೇ ವಾಪಸು ಒಯ್ಯಬೇಕು. ತೀರ್ಥ ತುಂಬಿಕೊಳ್ಳುವ ಮೊದಲು ತಂಬಿಗೆಯನ್ನು ದೂರದಲ್ಲಿ ತೊಳೆದು ಬರಬೇಕು, ಹೊಂಡದೊಳಗೆ ಅಲ್ಲ.

ಎರೆಸೀಮೆಯ ಮನೆಗಳಲ್ಲಿ ಗುಡ್ಡದಿಂದ ತಂದ ತಂಬಿಗೆಯನ್ನು ಮೊದಲು ಜಗಲಿಯ ಮೇಲಿಟ್ಟು ಭಂಡಾರ ಹಚ್ಚುತ್ತಾರೆ. ಮನೆಯ ಮೂಲೆಮೂಲೆಗೆ, ಹೊಲದ ಬದುವಿಗೆ, ದನದ ಕೊಟ್ಟಿಗೆಗೆ ಚಿಮುಕಿಸುತ್ತಾರೆ. ಉಳಿದದ್ದನ್ನು ಕುಡಿಯುವ ನೀರಿನ ಹರವಿಗೆ ಸುರಿಯುತ್ತಾರೆ. ಆ ಹರವಿಯ ಮೊದಲ ಬಟ್ಟಲು ಆ ದಿನ ಮನೆಯಲ್ಲಿ ನೀರು ತರುವವಳಿಗೆ ಕೊಡಬೇಕು. ಅವಳು ಕುಡಿದ ಮೇಲೆ ಉಳಿದವರು.

ಉಧೋ ಉಧೋ.